ಗುಳಿಗಿ ಡಾಕ್ಟರು ಮತ್ತು ಅವ್ವನ ಕರ್ಪೂರ

ಅವರ ಎಡ ಅಂಗೈಯ ಚರ್ಮ ಎತ್ತಿನ ಹೆಗಲಿನಂತೆ ದಪ್ಪಗಟ್ಟಿತ್ತು. ಒಂದು ಹನಿ ಔಷಧಕ್ಕೆ ತೊಂಬತ್ತೊಂಬತ್ತು ಹನಿ ಸ್ಪಿರಿಟ್ ಬೆರೆಸುವುದು, ಸೀಸೆಯನ್ನು ಆ ಅಂಗೈಗೆ ಕುಟ್ಟಿ ಕುಟ್ಟಿ ಕುಲುಕುವುದು, ಅದರಿಂದ ಮತ್ತೆ ಒಂದೇ ಹನಿ ತೆಗೆದು ಇನ್ನೊಂದು ಸೀಸೆಯಲ್ಲಿ ತೊಂಬತ್ತೊಂಬತ್ತಕ್ಕೆ ಬೆರೆಸುವುದು. ಅಫಜಲಪುರದ ಬಸ್ ಸ್ಟ್ಯಾಂಡ್ ಹಿಂದಿನ ಪುಟ್ಟ ಕೋಣೆಯಲ್ಲಿ ಹೋಮಿಯೋಪತಿ ಎಂದು ಅವರು ವರ್ಷಗಟ್ಟಲೆ ಮಾಡಿದ್ದು ಇದನ್ನೇ. ಕೊನೆಯ ಸೀಸೆಯ ಹನಿಯನ್ನು ಸಣ್ಣ ಸಕ್ಕರೆ ಗುಳಿಗೆಗಳಿಗೆ ಹಾಕಿ ಕೊಡುತ್ತಿದ್ದುದರಿಂದ ಜನ ಅವರನ್ನು ಗುಳಿಗಿ ಡಾಕ್ಟರು ಎನ್ನುತ್ತಿದ್ದರು.

ನಾನು ಜೇವರ್ಗಿಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಅವ್ವನನ್ನು ಕರೆದುಕೊಂಡು ಹೋದಾಗಲೆಲ್ಲ ಕೆಣಕುತ್ತಿದ್ದೆ: “ಇಷ್ಟು ತೆಳು ಮಾಡಿದ ಮ್ಯಾಲ ಅದರಾಗ ಏನ್ ಉಳೀತದ್ರಿ?”

“ಹೇಳೂದು ನಿಮ್ಮ ಕೆಲಸ ಮಾಸ್ತರ, ಕೇಳೂದು ನಂದು,” ಎಂದು ನಗುತ್ತಿದ್ದರು.

ನಿದ್ದೆ ಬಾರದ ಅವ್ವನನ್ನು ಮೊದಲ ಸಲ ಒಂದು ತಾಸು ಕೇಳಿದರು. ಬಿಸಿಲು ಬೇಕೋ ನೆರಳೋ, ಉಪ್ಪು ಬೇಕೋ ಸಿಹಿಯೋ. “ಅಳು ಬಂದ್ರ ಮಂದಿ ಮುಂದ ಅಳ್ತೀರೋ, ಒಬ್ಬರೇ ಇದ್ದಾಗೋ, ಅಕ್ಕಾರ?” ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಅಪ್ಪ ತೀರಿಕೊಂಡ ದಿನದಿಂದ ಹೇಳತೊಡಗಿದಳು. ಮಗನಾಗಿ ನಾನು ಒಮ್ಮೆಯೂ ಅದನ್ನು ಕೇಳಿರಲಿಲ್ಲ. ನಾಚಿಕೆಯಾಯಿತು.

ಗುಳಿಗೆ ಕೈಯಿಂದ ಮುಟ್ಟಬಾರದು, ಕರ್ಪೂರದ ಹತ್ತಿರ ಇಡಬಾರದು ಎಂದು ಹೇಳಿ ಕಳಿಸಿದ್ದರು. ಅವ್ವನಿಗೆ ಅದರ ಮೇಲೆ ಎಂಥ ಭಕ್ತಿಯೆಂದರೆ, ಸೀಸೆಯನ್ನು ದೇವರ ಜಗಲಿಯ ಮೇಲೆ, ಕರ್ಪೂರದ ಡಬ್ಬಿಯ ಪಕ್ಕದಲ್ಲೇ ಇಟ್ಟಳು. ತಿಂಗಳಾದರೂ ಗುಣ ಕಾಣಲಿಲ್ಲ. ಸೀಸೆ ಹಿಡಿದುಕೊಂಡು ಮತ್ತೆ ಹೋದೆವು. ಡಾಕ್ಟರು ಸೀಸೆ ಮೂಸಿದರು.

“ಕರ್ಪೂರ ನನ್ನ ಔಷಧ ಕೆಡಸ್ತದ ಅಂದಿದ್ದಿಲ್ಲೇನ್ರಿ? ನಿದ್ದಿ ಇಲ್ಲದ್ದು ನಿಮಗೋ, ದೇವರಿಗೋ?”

ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕು ಎಷ್ಟೋ ವರ್ಷಗಳಾಗಿದ್ದವು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವ್ವ ನಮ್ಮೂರು ಗೊಬ್ಬೂರಿನಿಂದ ಒಬ್ಬಳೇ ಬಸ್ ಹತ್ತಿ ಅವರಲ್ಲಿಗೆ ಹೋಗಿ, “ಎದಿ ಉರ್ಯಾಕತ್ತದ, ಗುಳಿಗಿ ಕೊಡ್ರಿ” ಎಂದಳಂತೆ. ತಾಸುಗಟ್ಟಲೆ ಕೇಳುವ ಮನುಷ್ಯ ಅಂದು ಕೇಳಿದ್ದು ಒಂದೇ ಪ್ರಶ್ನೆ: “ನೋವು ದವಡಿಗೆ ಏರ್ಯಾದೇನ್ರಿ?” ಅವ್ವ ಹೌದೆಂದಳು. ಡಾಕ್ಟರು ಎದ್ದೇಬಿಟ್ಟರು.

“ಇದು ನನ್ನ ಗುಳಿಗಿ ಕೆಲಸ ಅಲ್ರಿ. ನಡೀರಿ.”

ಕಾದು ಕೂತವರನ್ನೆಲ್ಲ ಬಿಟ್ಟು, ಆಂಬುಲೆನ್ಸ್ ಕರೆಸಿ, ಕಲಬುರಗಿಯ ದೊಡ್ಡ ದವಾಖಾನೆಗೆ ತಾವೇ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅವ್ವ ಗುಳಿಗೆಗಾಗಿ ಜಗಳ ತೆಗೆದಳು, ಅವರು ಕೊಡಲಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು, ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಅಲ್ಲಿನವರು. ನಾನು ಜೇವರ್ಗಿಯಿಂದ ಓಡಿ ಬಂದಾಗ ಗುಳಿಗಿ ಡಾಕ್ಟರು ಐಸಿಯು ಬಾಗಿಲಲ್ಲಿ ಅವ್ವನ ಚಪ್ಪಲಿ ಹಿಡಿದುಕೊಂಡು ನಿಂತಿದ್ದರು.

ಅವರ ಔಷಧದ ಬಗ್ಗೆ ನನ್ನ ಅನುಮಾನ ಇನ್ನೂ ಹೋಗಿಲ್ಲ. ಆದರೆ ನನ್ನವ್ವ ಬದುಕಿರುವುದು ಅವರಿಂದ. ಆ ಋಣ ನನ್ನಿಂದ ತೀರುವಂಥದ್ದಲ್ಲ.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮೂರನೆಯ ದಿನ ಅವ್ವನ ಜೊತೆ ಹೋದೆ. ಸೀಸೆಗಳ ಕಪಾಟಿನ ಮುಂದೆ ಫೋಟೊ ಇಟ್ಟು, ಅವರ ಮಗಳು ಕರ್ಪೂರ ಹಚ್ಚಲು ಕಡ್ಡಿ ಗೀರಿದಳು. ಅವ್ವ ಮುಂದೆ ಬಂದು ಅವಳ ಕೈ ಹಿಡಿದಳು.

“ಇಲ್ಲಿ ಬ್ಯಾಡವ್ವ, ಔಷಧ ಅದಾವ. ಅವರು ಬೈತಾರ.”