ಚೆನ್ನಾಗಿ ಬಂದ ಫೋಟೊಗಳು

ನಮ್ಮೂರು ಹದಿನಾರಿನಲ್ಲಿ ನಾವು ರಾಜೇಂದ್ರನನ್ನು ‘ಚುಕ್ಕಿ ಮೇಷ್ಟ್ರು’ ಎಂದು ರೇಗಿಸುತ್ತಿದ್ದೆವು. ಅವನು ಮೇಷ್ಟ್ರಲ್ಲ, ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ತಾರಸಿಯ ಮೇಲೆ ಒಂದು ಟೆಲಿಸ್ಕೋಪು, ಅದಕ್ಕೊಂದು ಕ್ಯಾಮೆರಾ ಇಟ್ಟುಕೊಂಡಿದ್ದ. ಮೋಡವಿಲ್ಲದ ದಿನ ಸಂಜೆ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಮನೆ ಮುಂದಿನ ಕಂಬದ ದೀಪ ಆರಿಸಿ ಬಂದು ಮಲಗಿಬಿಡುತ್ತಿದ್ದ. ಬೆಳಗಿನವರೆಗೂ ಕ್ಯಾಮೆರಾ ತಾನೇ ಫೋಟೊ ತೆಗೆಯುತ್ತಿತ್ತು. ಬೀದಿದೀಪ ಉರಿದರೆ ಆಕಾಶವೆಲ್ಲ ಬೆಳ್ಳಗೆ ಬರುತ್ತದಂತೆ. ನಮ್ಮ ಮಕ್ಕಳಿಗೆಲ್ಲ ಶನಿಯ ಬಳೆ ತೋರಿಸಿದವನಿಗೆ ಬೇಡವೆನ್ನಲು ನಮಗೂ ಬಾಯಿ ಬರಲಿಲ್ಲ. ಅವನ ಅವ್ವ ಮರಿತಾಯಮ್ಮ ಮಾತ್ರ ಗೊಣಗುತ್ತಿದ್ದಳು. “ಓಗ್ಲಿ ಬುಡು, ನಂಗೇನು ಈ ಬೀದಿ ಒಸ್ದಾ?” ಎಂದು ಕೊನೆಗೆ ತಾನೇ ಸುಮ್ಮನಾಗುತ್ತಿದ್ದಳು.

ಜನವರಿಯ ಒಂದು ನಸುಕಿನಲ್ಲಿ ಡೇರಿಗೆ ಹಾಲು ಹಾಕಲು ಹೊರಟ ಗುರುಮಲ್ಲಪ್ಪ ಕಂಬದ ದೀಪ ಹಾಕಿದ. ರಾತ್ರಿ ಕತ್ತಲಲ್ಲಿ ಎದುರಿನ ಕೊಟ್ಟಿಗೆಗೆ ಹೊರಟಿದ್ದ ಮರಿತಾಯಮ್ಮ ಚರಂಡಿ ಚಪ್ಪಡಿಗೆ ತಲೆ ತಾಗಿ ಬಿದ್ದಿದ್ದಳು. ಮೈ ತಣ್ಣಗಾಗಿತ್ತು. ಬಿದ್ದು ಬಹಳ ಹೊತ್ತಾಗಿದೆ, ಆಗಲೇ ಯಾರಾದರೂ ನೋಡಿದ್ದರೆ ಉಳಿಯುತ್ತಿದ್ದರೇನೋ ಎಂದರು ಡಾಕ್ಟರು.

ರಾಜೇಂದ್ರ ಅಳಲಿಲ್ಲ. ಮಣ್ಣು ಮಾಡುವಾಗಲೂ ಇಲ್ಲ, ಹಾಲುತುಪ್ಪದ ದಿನವೂ ಇಲ್ಲ. ಇವನೇನು ಮನುಷ್ಯನೋ ಎಂದು ನನಗೆ ಸಿಟ್ಟೇ ಬಂತು.

ಮರುದಿನ ಮಧ್ಯಾಹ್ನ ನಾನು ಹೋದಾಗ ಆ ರಾತ್ರಿಯ ಫೋಟೊಗಳನ್ನು ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ನೋಡುತ್ತ ಕೂತಿದ್ದ. ಕ್ಯಾಮೆರಾದಿಂದ ಬಂದ ಹಾಗೇ ಇರುವ ಫೋಟೊ ಬರೀ ಕಪ್ಪು. ಒಂದು ಗುಂಡಿ ಒತ್ತಿದರೆ ಚುಕ್ಕಿಗಳು ಮೂಡುತ್ತವೆ. ಚೆನ್ನಾಗಿದ್ದರೆ ಇಟ್ಟುಕೊಳ್ಳಬೇಕು, ಅಲುಗಿದ್ದರೆ, ಬೆಳ್ಳಗಾಗಿದ್ದರೆ ಅಳಿಸಬೇಕು. ಆಮೇಲೆ ಉಳಿದವನ್ನೆಲ್ಲ ಸೇರಿಸಿ ಒಂದೇ ಚಿತ್ರ ಮಾಡುವುದು. ಆಫೀಸಿನಲ್ಲಿ ಸೀಲು ಒತ್ತುವ ಹಾಗೆ ಒತ್ತುತ್ತಿದ್ದ. ಕೊನೆಯ ಕೆಲವು ಮಾತ್ರ ಬೆಳ್ಳಗಿದ್ದವು, ಗುರುಮಲ್ಲಪ್ಪ ದೀಪ ಹಾಕಿದ ಮೇಲಿನವು. ಅವನ್ನು ಅಳಿಸಿದ.

“ಮಿಕ್ಕಿದ್ದೆಲ್ಲ ಚೆನ್ನಾಗವೆ. ಇಷ್ಟು ಚೆನ್ನಾಗಿ ಯಾವತ್ತೂ ಬಂದಿರ್ನಿಲ್ಲ” ಎಂದ. ದನಿಯಲ್ಲಿ ಸಂತೋಷವೂ ಇರಲಿಲ್ಲ, ದುಃಖವೂ ಇರಲಿಲ್ಲ.

ಹೆಂಡತಿ ಕೋಮಲ ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದಳು. ಚುಚ್ಚಬೇಕೆಂದು ಅವಳು ಕೇಳಲಿಲ್ಲ, ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

“ಇದ್ರಲ್ಲಿ ಅತ್ತೆ ಬಿದ್ದಿದ್ದಾಗ ತೆಗ್ದಿರೋವು ಯಾವ್ವು?”

ರಾಜೇಂದ್ರ ಒಂದೊಂದೇ ಫೋಟೊ ಹಿಂದಕ್ಕೆ ಹೋದ. ಎಲ್ಲದರಲ್ಲೂ ಚುಕ್ಕಿಗಳು ಅಲುಗದೆ ಅಚ್ಚುಕಟ್ಟಾಗಿದ್ದವು. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿರಲಿಲ್ಲ.

“ಗೊತ್ತಾಯ್ತಿಲ್ಲ ಕಣಮ್ಮಿ” ಎಂದ. ಮತ್ತೆ ಮೊದಲಿನಿಂದ ನೋಡತೊಡಗಿದ.