ಕರಿಯನ ಕೊನೆಯ ಸಂಜೆ

ನಾನು ಕಡೂರಿನಲ್ಲಿ ದನದ ಡಾಕ್ಟರಾಗಿದ್ದಾಗಿನ ಮಾತು. ಎಮ್ಮೆದೊಡ್ಡಿ ಕಾವಲಿನಲ್ಲಿ ದನ ಮೇಯಿಸುತ್ತಿದ್ದ ತಿಮ್ಮಣ್ಣ ಹೇಳಿಕಳಿಸಿದ್ದ. ಅವನ ನಾಯಿ ಕರಿಯನಿಗೆ ವಯಸ್ಸಾಗಿ ಹಿಂಗಾಲು ಬಿದ್ದುಹೋಗಿದ್ದವು. ಮೈಯೆಲ್ಲ ಹುಣ್ಣಾಗಿ ಹಗಲೂ ರಾತ್ರಿ ನರಳುತ್ತಿತ್ತು. ನೋವಾಗದ ಹಾಗೆ ಕಳಿಸಿಕೊಡಬೇಕಿತ್ತು.

ಹೋದವನೇ ಸೂಜಿ ತೆಗೆದೆ.

“ತಡೀರಿ ಸ್ವಾಮಿ, ದನ ಬರ್ಲಿ,” ಅಂದ ತಿಮ್ಮಣ್ಣ. “ಎಲ್ಲಾ ರೊಪ್ಪ ಸೇರೋ ತನಕ ಇವ್ನು ಯಾವತ್ತೂ ಮಲಗಿದೋನಲ್ಲ.”

ನನಗೆ ಕೊನೇ ಬಸ್ಸಿನ ಚಿಂತೆ. ಆದರೂ ಕೂತೆ.

ಹೊತ್ತು ಮುಳುಗುವಾಗ ಅವನ ತಮ್ಮ ದನ ಹೊಡೆದುಕೊಂಡು ಬಂದ. ದನ ಕೂಡುವ ರೊಪ್ಪದ ಬಾಗಿಲಲ್ಲೇ ಬಿದ್ದಿದ್ದ ಕರಿಯ ತಲೆಯೆತ್ತಿ ಒಂದೊಂದನ್ನೂ ನೋಡಿದ. ತಿಮ್ಮಣ್ಣ ಬಾಗಿಲಿಗೆ ಮುಳ್ಳಿನ ಕೊಂಬೆ ಎಳೆದು, “ಎಲ್ಲಾ ಬಂದ್ವು ಕಣೋ, ಮಲಗು,” ಅಂದ. ಕರಿಯ ತಲೆ ಇಳಿಸಲಿಲ್ಲ. ಕಿವಿ ಇನ್ನೂ ಕಾವಲಿನ ಕಡೆಗೇ ಇತ್ತು.

“ಯಾವ್ದೋ ಹಿಂದೆ ಬಿದ್ದೈತೆ,” ಅಂತ ತಿಮ್ಮಣ್ಣ ಕೋಲು ಹಿಡಿದು ಹೊರಟೇಬಿಟ್ಟ. ನಾನು ಕರಿಯನ ಬೆನ್ನು ಸವರುತ್ತ ಕೂತೆ. ಅವನು ನನ್ನ ಕಡೆ ನೋಡಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಒಂದು ಕಡಸು ಮುಂದೆ, ತಿಮ್ಮಣ್ಣ ಹಿಂದೆ. ಅದು ಒಳಗೆ ಹೋಗುವುದನ್ನು ನೋಡಿದ ಮೇಲೆಯೇ ಕರಿಯ ನಿಟ್ಟುಸಿರು ಬಿಟ್ಟು ನನ್ನ ಪಾದದ ಮೇಲೆ ತಲೆಯಿಟ್ಟ.

“ಈಗ ಕೊಡಿ,” ಅಂದ ತಿಮ್ಮಣ್ಣ, ಕರಿಯನ ಕಿವಿ ಹಿಡಿದುಕೊಂಡು.

ಬೇವಿನ ಮರದ ಬುಡದಲ್ಲಿ ಹೂತೆವು. ಬಸ್ಸು ಹೋಗಿತ್ತು, ತಿಮ್ಮಣ್ಣನ ಮನೆಯಲ್ಲೇ ಮುದ್ದೆಗೆ ಕೂತೆ. ಅವನು ತುತ್ತು ಮುಟ್ಟಲಿಲ್ಲ. ಸಮಾಧಾನಕ್ಕೆಂದು, “ಇನ್ನೊಂದು ಮರಿ ತಂದ್ಕೊಳ್ಳಪ್ಪ,” ಅಂದೆ.

“ತರ್ಬೋದು ಸ್ವಾಮಿ. ಅದಕ್ಕೆ ಎಣಿಸೋದು ಕಲಿಸೋರ್ಯಾರು? ನಂಗೂ ಬರಲ್ವಲ್ಲ.”