ಕಬ್ಬಿಣ ತುಂಬಿದವಳಿಗೆ ಕಬ್ಬಿಣದ ಮಾತ್ರೆ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಕಾಲರಕ್ಕ ಎಂದು. ಅಂಗಿಯ ಕಾಲರಿನ ಮೂಲೆಯನ್ನು ಅವಳಷ್ಟು ಚೂಪಾಗಿ ತಿರುಗಿಸಿ ಹೊಲಿಯುವವರು ಅಲ್ಲಿಲ್ಲ. ಕಾರ್ಖಾನೆಯ ಡಾಕ್ಟರು ರಕ್ತದ ವರದಿಯಲ್ಲಿ ನೋಡುತ್ತಿದ್ದದ್ದು ಹಿಮೋಗ್ಲೋಬಿನ್ನಿನ ಸಾಲೊಂದನ್ನೇ. ಕಡಿಮೆಯೇ? ಕಬ್ಬಿಣದ ಮಾತ್ರೆ. ಏರಲಿಲ್ಲವೇ? ಇನ್ನಷ್ಟು ಮಾತ್ರೆ. ವರ್ಷಗಟ್ಟಲೆ ನುಂಗಿ ಅವಳ ಹೊಟ್ಟೆ ಕೆಟ್ಟಿತೇ ಹೊರತು ರಕ್ತ ಏರಲಿಲ್ಲ. ಓದಲು ಇಷ್ಟು ಸೋಮಾರಿತನವಿದ್ದವರು ಡಾಕ್ಟರಾದದ್ದಾದರೂ ಯಾಕೋ!

"ನುಂಗಿದ್ರೆ ತಾನೇ? ಎಲ್ಲಾ ಕಸದ ಬುಟ್ಟಿಗೆ" ಎಂದು ನೆಂಟರೆದುರು ಗೇಲಿ ಮಾಡುತ್ತಿದ್ದವನು ಅವಳ ಸ್ವಂತ ಅಣ್ಣ. ಈಗ ಬೀಗನೂ ಹೌದು. ಅವನ ಮಗನನ್ನು ಮದುವೆಯಾದ ಇವಳ ಮಗಳು ಬಸುರಿ.

ಹೊಸದಾಗಿ ಬಂದ ಡಾಕ್ಟರಮ್ಮ ವರದಿಯನ್ನು ಪೂರ್ತಿ ಓದಿದರು.

"ಕೆಂಪು ಕಣ ಸಣ್ಣದಾಗಿವೆ, ನಿಜ. ಆದ್ರೆ ಕಬ್ಬಿಣ ಕಮ್ಮಿ ಇದ್ರೆ ಸಾಮಾನ್ಯವಾಗಿ ಕಣಗಳ ಸಂಖ್ಯೆನೂ ಇಳಿಯುತ್ತೆ, ಗಾತ್ರ ಏರುಪೇರಾಗುತ್ತೆ. ನಿಮ್ಮದು ಸಂಖ್ಯೆ ಜಾಸ್ತಿ, ಎಲ್ಲಾ ಒಂದೇ ಅಳತೆ."

"ಒಂದೇ ಡಬ್ಬಿ ಗುಂಡಿ ಥರಾನಾ, ಮೇಡಂ?"

"ಹಾಗೇ ಅನ್ಕೊಳ್ಳಿ."

ಇನ್ನೆರಡು ಪರೀಕ್ಷೆಯಾದವು. ಮೈಯಲ್ಲಿ ಕಬ್ಬಿಣದ ದಾಸ್ತಾನು ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು. ಇದ್ದದ್ದು ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯ ಎಳೆ ಮಾತ್ರ, ಹೆತ್ತವರಿಂದ ಹುಟ್ಟಿನಲ್ಲೇ ಬಂದದ್ದು.

"ನಿಮಗೇನೂ ತೊಂದರೆ ಇಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ಇದ್ರೆ ಮಾತ್ರ ಮಗುಗೆ ಜೀವನಪೂರ್ತಿ ಬೇರೆಯವರ ರಕ್ತ ಬೇಕಾಗಬಹುದು. ಒಡಹುಟ್ಟಿದವರಿಗೂ ಹೇಳಿ."

ಅವಳು ನೇರ ಅಣ್ಣನ ಮನೆಗೆ ಓಡಿದಳು. ಅವನು ಕನ್ನಡಕ ಒರೆಸುತ್ತಾ ಕೂತಿದ್ದ.

"ನನಗೂ ಇದೆ ಕಣೆ. ನನ್ನ ಆಪರೇಷನ್‌ಗೆ ಅಂತ ರಕ್ತ ಪರೀಕ್ಷೆ ಮಾಡಿದಾಗಲೇ ಡಾಕ್ಟರು ಹೇಳಿದ್ರು."

"ಮಕ್ಕಳ ಮದುವೆಗೆ ಮುಂಚೆನಾ?"

"ಹೇಳಿದ್ರೆ ನೀನು ಹೆಣ್ಣು ಕೊಡ್ತಿದ್ಯಾ?"

ಮರುದಿನವೇ ಮಗಳು, ಅಳಿಯ ಇಬ್ಬರೂ ರಕ್ತ ಕೊಟ್ಟು ಬಂದರು. ವರದಿ ಬರುವತನಕ ಕಾಲರಕ್ಕನ ಕಾಲರುಗಳು ಸೊಟ್ಟಗಾದವು. ಮೇಸ್ತ್ರಿ ಬೈದದ್ದು ಅವಳ ಕಿವಿಗೇ ಬೀಳಲಿಲ್ಲ. ಕೊನೆಗೆ ಗೊತ್ತಾಯಿತು: ಆ ಎಳೆ ಅಳಿಯನಲ್ಲಿದೆ, ಮಗಳಲ್ಲಿಲ್ಲ. ಮಗುವಿಗೆ ಆ ಭಯವಿಲ್ಲ.

ಸಂಜೆ ಅಣ್ಣ ಮಗ ಸೊಸೆಯ ಜೊತೆ ನಗುನಗುತ್ತಾ ಅವಳ ಮನೆಗೆ ಬಂದ.

"ನೋಡಿದ್ಯಾ? ಏನೂ ಆಗ್ಲಿಲ್ಲ. ಸುಮ್ನೆ ರಂಪ ಮಾಡ್ದೆ."

"ಆಗಲ್ಲ ಅಂತ ನಿನಗೆ ಗೊತ್ತಿತ್ತಾ, ಅಣ್ಣ?"

ಅವನು ಮತ್ತೆ ಕನ್ನಡಕ ತೆಗೆದು ಒರೆಸಿದ.

"ನಿನಗೆ ಗೊತ್ತಿರ್ಲಿಲ್ಲ" ಎಂದಳು ಅವಳು. "ಆದ್ರೂ ಬಾಯಿ ಬಿಡ್ಲಿಲ್ಲ. ನಾನು ಮಾತ್ರೆ ಎಸೀತೀನಿ ಅಂತ ಊರಿಗೆಲ್ಲ ಹೇಳೋಕೆ ಮಾತ್ರ ಬಾಯಿತ್ತು."

ಒಳಗೆ ಹೋಗಿ ಕಾಫಿ ತಂದಳು. ಮಗಳಿಗೊಂದು ಲೋಟ, ಅಳಿಯನಿಗೊಂದು, ತನಗೊಂದು. ಅಣ್ಣ ಚಾಚಿದ ಕೈಯನ್ನು ಹಾಗೇ ಮಡಚಿಕೊಂಡ.